ಕಾಣದ ಹಣಕ್ಕೆ ಕಾವಲು

ಮನುಷ್ಯನು ಹಣವನ್ನು ಕಂಡುಕೊಂಡಂದಿನಿಂದ ಅದನ್ನು ಬಚ್ಚಿಡುವ ಉಪಾಯಗಳನ್ನೂ ಹುಡುಕುತ್ತ ಬಂದಿದ್ದಾನೆ. ನೆಲದಲ್ಲಿ ಹೂತ ಕೊಪ್ಪರಿಗೆ, ಗೋಡೆಯೊಳಗಣ ಗೂಡು, ಕಬ್ಬಿಣದ ತಿಜೋರಿ, ಬ್ಯಾಂಕಿನ ಭದ್ರಕೋಣೆ ಇವೆಲ್ಲವೂ ಒಂದೇ ಪ್ರಶ್ನೆಗೆ ದೊರೆತ ಬೇರೆ ಬೇರೆ ಉತ್ತರಗಳು. ಇವೆಲ್ಲದರಲ್ಲಿಯೂ ಕಾಯಬೇಕಾದ ವಸ್ತುವಿಗೆ ಒಂದು ತೂಕವುಂಟು, ಒಂದು ಜಾಗವುಂಟು. ಆದರೆ 2009ನೆಯ ಇಸವಿಯಿಂದೀಚೆಗೆ ತೂಕವಾಗಲಿ ಜಾಗವಾಗಲಿ ಇಲ್ಲದ ಒಂದು ಬಗೆಯ ಹಣವು ಲೋಕದಲ್ಲಿ ಬಳಕೆಗೆ ಬಂದಿದೆ. ಬಿಟ್‌ಕಾಯಿನ್, ಈಥರ್ ಮುಂತಾದ ಹೆಸರುಗಳುಳ್ಳ ಈ ಹಣವನ್ನು ಕ್ರಿಪ್ಟೋ ನಾಣ್ಯವೆಂದು ಕರೆಯುತ್ತಾರೆ.

ತೂಕವಿಲ್ಲದ ಈ ಹಣವನ್ನೂ ಕಳ್ಳರು ಬಿಟ್ಟಿಲ್ಲ. 2014ರ ಫೆಬ್ರುವರಿಯಲ್ಲಿ ಟೋಕಿಯೋ ನಗರದ ಮೌಂಟ್ ಗಾಕ್ಸ್ ಎಂಬ ವಿನಿಮಯ ಸಂಸ್ಥೆಯು ತನ್ನ ಬಳಿಯಿದ್ದ ಸುಮಾರು 8,50,000 ಬಿಟ್‌ಕಾಯಿನ್‌ಗಳು ಕಾಣೆಯಾಗಿವೆಯೆಂದು ಸಾರಿ ದಿವಾಳಿಯೆದ್ದಿತು. ಅವುಗಳಲ್ಲಿ 2,00,000ದಷ್ಟು ಆಮೇಲೆ ಅದರದೇ ಹಳೆಯ ಲೆಕ್ಕವೊಂದರಲ್ಲಿ ಸಿಕ್ಕವು, ಉಳಿದವು ಹೋದವು. 2025ರ ಫೆಬ್ರುವರಿ 21ರಂದು ದುಬೈಯಲ್ಲಿ ನೆಲಸಿರುವ ಬೈಬಿಟ್ ಎಂಬ ಸಂಸ್ಥೆಯಿಂದ ಸುಮಾರು 150 ಕೋಟಿ ಡಾಲರು ಬೆಲೆಯ ಈಥರ್ ಒಂದೇ ದಿನದಲ್ಲಿ ಕಳವಾಯಿತು. ಇದು ಉತ್ತರ ಕೊರಿಯಾದವರ ಕೃತ್ಯವೆಂದು ಅಮೆರಿಕದ ಎಫ್.ಬಿ.ಐ. ಕೆಲವೇ ದಿನಗಳಲ್ಲಿ ಪ್ರಕಟಿಸಿತು. ಯಾರೂ ಗೋಡೆಗೆ ಕನ್ನ ಕೊರೆಯಲಿಲ್ಲ, ಯಾರೂ ಬಂದೂಕು ತೋರಿಸಲಿಲ್ಲ.

ಇಲ್ಲಿ ವಿಚಾರಮಾಡತಕ್ಕ ಒಂದು ಸಂಗತಿಯುಂಟು. ಈ ಹಣವನ್ನು ಕಾಯುವ ಗಣಿತವು ಮನುಷ್ಯನು ಈವರೆಗೆ ಮಾಡಿದ ಬೀಗಗಳಲ್ಲೆಲ್ಲ ಅತ್ಯಂತ ದೃಢವಾದುದು. ಮೇಲೆ ಹೇಳಿದ ಕಳವುಗಳಲ್ಲಿ ಒಂದರಲ್ಲಿಯೂ ಆ ಬೀಗವು ಮುರಿದಿರಲಿಲ್ಲ. ಹಾಗಾದರೆ ಕಳ್ಳನು ಒಳಹೊಕ್ಕಿದ್ದು ಎಲ್ಲಿಂದ?

ಚೀಲದಲ್ಲಿ ಹಣವಿಲ್ಲ

ಕ್ರಿಪ್ಟೋ ನಾಣ್ಯವನ್ನು ಇಟ್ಟುಕೊಳ್ಳುವ ಸಾಧನಕ್ಕೆ ವಾಲೆಟ್, ಎಂದರೆ ಹಣದ ಚೀಲ, ಎಂದು ಹೆಸರು. ಈ ಹೆಸರು ದಾರಿತಪ್ಪಿಸುವಂಥದು. ಆ ಚೀಲದಲ್ಲಿ ಹಣವಿರುವುದಿಲ್ಲ. ಬಿಟ್‌ಕಾಯಿನ್ ಎಂಬುದು ನಿಜವಾಗಿ ಒಂದು ದೊಡ್ಡ ಲೆಕ್ಕದ ಪುಸ್ತಕದಲ್ಲಿಯ ಬರಹ. ಆ ಪುಸ್ತಕದ ಪ್ರತಿಗಳು ಲೋಕದ ಸಾವಿರಾರು ಗಣಕಯಂತ್ರಗಳಲ್ಲಿವೆ. ಬೇಕಾದವರು ಅದನ್ನು ತೆರೆದು ಓದಬಹುದು. ಸುಮಾರು ಹತ್ತು ನಿಮಿಷಕ್ಕೊಮ್ಮೆ ಅದಕ್ಕೊಂದು ಹೊಸ ಪುಟ ಸೇರುತ್ತದೆ. ಒಮ್ಮೆ ಸೇರಿದ ಬರಹವನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ಹಣದ ಒಡೆಯನಲ್ಲಿ ಇರುವುದೇನು? ಒಂದು ಸಂಖ್ಯೆ ಮಾತ್ರ. ಅದನ್ನು ಗುಪ್ತಕೀಲಿಯೆಂದು ಕರೆಯೋಣ. ಈ ಸಂಖ್ಯೆಯನ್ನು ಬಲ್ಲವನು ಅದರ ನೆರವಿನಿಂದ ‘ನನ್ನ ಲೆಕ್ಕದಿಂದ ಇಂಥವರ ಲೆಕ್ಕಕ್ಕೆ ಇಷ್ಟು ಹಣ ಹೋಗಲಿ’ ಎಂಬ ಆಜ್ಞೆಗೆ ಸಹಿ ಹಾಕಬಲ್ಲನು. ಸಹಿ ಸರಿಯಾಗಿದ್ದರೆ ಪುಸ್ತಕವು ಆಜ್ಞೆಯನ್ನು ಬರೆದುಕೊಳ್ಳುತ್ತದೆ. ಸಹಿ ಮಾಡಿದವನು ಒಡೆಯನೋ ಕಳ್ಳನೋ ಎಂದು ಅದು ಕೇಳುವುದಿಲ್ಲ, ಕೇಳಲು ಅದಕ್ಕೆ ಸಾಧ್ಯವೂ ಇಲ್ಲ.

ಬ್ಯಾಂಕಿನೊಂದಿಗೆ ಇದನ್ನು ಹೋಲಿಸಿದರೆ ಭೇದವು ಸ್ಪಷ್ಟವಾಗುವುದು. ಚೆಕ್ ಪುಸ್ತಕ ಕಳೆದುಹೋದರೆ ಬ್ಯಾಂಕಿಗೆ ತಿಳಿಸಿ ಹಣ ಪಾವತಿಯಾಗದಂತೆ ತಡೆಯಬಹುದು. ಬ್ಯಾಂಕೇ ಮುಳುಗಿದರೂ ನಮ್ಮ ದೇಶದಲ್ಲಿ ಠೇವಣಿದಾರನಿಗೆ 5 ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆಯುಂಟು. ಕ್ರಿಪ್ಟೋ ನಾಣ್ಯದಲ್ಲಿ ದೂರು ಕೊಡಲು ಮ್ಯಾನೇಜರಿಲ್ಲ, ತಡೆಯಾಜ್ಞೆಯಿಲ್ಲ, ವಿಮೆಯಿಲ್ಲ. ಗುಪ್ತಕೀಲಿಯನ್ನು ಬಲ್ಲವನೇ ಯಜಮಾನ. ಆದುದರಿಂದ ಇಲ್ಲಿ ಹಣವನ್ನು ಕಾಯುವುದೆಂದರೆ ಒಂದು ಸಂಖ್ಯೆಯನ್ನು ಕಾಯುವುದು.

ಕೀಲಿಯನ್ನು ಊಹಿಸಬಹುದೆ?

ಆ ಸಂಖ್ಯೆ ಎಷ್ಟು ದೊಡ್ಡದೆಂಬುದನ್ನು ಮೊದಲು ನೋಡೋಣ. ಒಂದು ರೂಪಾಯಿಯ ನಾಣ್ಯವನ್ನು 256 ಸಲ ಚಿಮ್ಮಿ, ತಲೆ ಬಿದ್ದಾಗ 1 ಎಂದೂ ಬಾಲ ಬಿದ್ದಾಗ 0 ಎಂದೂ ಬರೆಯುತ್ತ ಹೋದರೆ ದೊರೆಯುವ ಸಾಲೇ ಒಂದು ಗುಪ್ತಕೀಲಿ. ಚದುರಂಗದ ಹಲಗೆಯ ಮೊದಲ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು ಎಂದು ಇಮ್ಮಡಿಸುತ್ತ ಹೋಗಬೇಕೆಂದು ಬೇಡಿ ಅರಸನನ್ನು ಸೋಲಿಸಿದ ಜಾಣನ ಕತೆಯನ್ನು ವಾಚಕರು ಕೇಳಿಯೇ ಇರುವರು. ಆ ಹಲಗೆಗೆ 64 ಮನೆಗಳು. ಅಂಥ ನಾಲ್ಕು ಹಲಗೆಗಳನ್ನು ಒಂದರ ಮುಂದೊಂದು ಜೋಡಿಸಿ ಇಮ್ಮಡಿಸುತ್ತ ಹೋದರೆ ಬರುವಷ್ಟು ಕೀಲಿಗಳು ಸಾಧ್ಯ; 1ರ ಮುಂದೆ 77 ಸೊನ್ನೆಗಳನ್ನಿಟ್ಟ ಸಂಖ್ಯೆಗಿಂತ ಅದು ಸ್ವಲ್ಪ ಹೆಚ್ಚು.

ಇಷ್ಟನ್ನೂ ಒಂದೊಂದಾಗಿ ಪರೀಕ್ಷಿಸುವ ಯಂತ್ರವನ್ನು ಕಟ್ಟಬಹುದೆ? ಇದಕ್ಕೆ ಭೌತವಿಜ್ಞಾನವೇ ಉತ್ತರ ಕೊಡುತ್ತದೆ. ಒಂದು ಬಿಟ್ ಮಾಹಿತಿಯನ್ನು ಅಳಿಸಿ ಬರೆಯಲು ಇಂತಿಷ್ಟು ಶಕ್ತಿ ಕನಿಷ್ಠಪಕ್ಷ ವ್ಯಯವಾಗಲೇಬೇಕೆಂದು ರಾಲ್ಫ್ ಲ್ಯಾಂಡವರ್ ಎಂಬ ವಿಜ್ಞಾನಿಯು 1961ರಲ್ಲಿ ತೋರಿಸಿಕೊಟ್ಟನು. ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ ಅದು ಒಂದು ಜೌಲಿನ ಲಕ್ಷಕೋಟಿಯ ಭಾಗವನ್ನು ಮತ್ತೆ ನೂರು ಕೋಟಿಯಿಂದ ಭಾಗಿಸಿದರೆ ಬರುವುದರ ಸುಮಾರು ಮೂರರಷ್ಟು. ಇದು ಅತ್ಯಲ್ಪವೇ ಸರಿ. ಆದರೂ ಈ ಮಿತಿಯೊಳಗೆ ಕೆಲಸಮಾಡುವ ಯಂತ್ರವು 0ಯಿಂದ ತೊಡಗಿ ಎಲ್ಲ ಕೀಲಿಗಳನ್ನೂ ಬರಿದೆ ಎಣಿಸಿ ಮುಗಿಸಬೇಕಾದರೆ, ಸೂರ್ಯನು ಒಂದು ವರ್ಷದಲ್ಲಿ ಹೊರಸೂಸುವ ಶಕ್ತಿಯೆಲ್ಲವನ್ನೂ ಕೊಟ್ಟು, ಅಂಥ ವರ್ಷಗಳನ್ನು 2 ಎಂಬ ಅಂಕಿಯ ಮುಂದೆ 22 ಸೊನ್ನೆಗಳಿಗೂ ಮೀರಿ ಎಣಿಸಬೇಕು. ನಮ್ಮ ಸೂರ್ಯನಿಗಾದರೋ ಇನ್ನುಳಿದ ಆಯುಸ್ಸು ಸುಮಾರು 500 ಕೋಟಿ ವರ್ಷ ಮಾತ್ರ.

ಕಳ್ಳನಿಗೆ ಒಂದು ಅಡ್ಡದಾರಿಯುಂಟು. ಗುಪ್ತಕೀಲಿಯಿಂದ ಪ್ರಕಟಕೀಲಿಯೆಂಬ ಇನ್ನೊಂದು ಸಂಖ್ಯೆಯನ್ನು ಪಡೆಯುತ್ತಾರೆ. ಸಹಿಯನ್ನು ಪರೀಕ್ಷಿಸುವುದು ಇದರಿಂದಲೇ. ಒಂದು ನಿರ್ದೇಶಾಂಕದ ವರ್ಗವು ಇನ್ನೊಂದರ ಘನಕ್ಕೆ 7 ಕೂಡಿಸಿದಷ್ಟಕ್ಕೆ ಸಮವಾಗಿರುವ ಒಂದು ವಕ್ರರೇಖೆಯ ಮೇಲೆ ನಿಶ್ಚಿತವಾದ ಒಂದು ಬಿಂದುವನ್ನು ಆರಿಸಿದ್ದಾರೆ. ಅಲ್ಲಿಂದ ಹೊರಟು ಗುಪ್ತಕೀಲಿಯಷ್ಟು ಹೆಜ್ಜೆ ಹಾಕಿದಾಗ ತಲಪುವ ಬಿಂದುವೇ ಪ್ರಕಟಕೀಲಿ. ಹೆಜ್ಜೆಗಳನ್ನು ಇಮ್ಮಡಿಸುತ್ತ ಹೋಗುವ ಉಪಾಯದಿಂದ ಹೆಚ್ಚೆಂದರೆ ಸುಮಾರು ಐನೂರು ಕ್ರಿಯೆಗಳಲ್ಲಿ ಅಲ್ಲಿಗೆ ತಲಪಬಹುದು. ಆದರೆ ತಲಪಿದ ಬಿಂದುವನ್ನು ನೋಡಿ ಎಷ್ಟು ಹೆಜ್ಜೆಗಳಾದವೆಂದು ಹೇಳಲು ಅಂಥ ಸುಲಭೋಪಾಯ ಯಾವುದೂ ತಿಳಿದಿಲ್ಲ. ಹಾಲಿಗೆ ಹೆಪ್ಪು ಹಾಕುವುದು ಸುಲಭ. ಮೊಸರನ್ನು ಮರಳಿ ಹಾಲು ಮಾಡುವುದು ಆಗದ ಮಾತು. ತಿಳಿದಿರುವ ಅತ್ಯುತ್ತಮ ವಿಧಾನದಿಂದ ಕೆಲಸವು 256 ಮನೆಗಳ ಲೆಕ್ಕದಿಂದ 128 ಮನೆಗಳ ಲೆಕ್ಕಕ್ಕೆ ಇಳಿಯುತ್ತದೆ. ಆಗಲೂ ಸೆಕೆಂಡಿಗೆ ಹತ್ತು ಸಾವಿರ ಕೋಟಿಕೋಟಿ ಹೆಜ್ಜೆ ಹಾಕುವ ಯಂತ್ರಕ್ಕೆ ಸುಮಾರು ಹತ್ತು ಲಕ್ಷ ಕೋಟಿ ವರ್ಷ ಬೇಕು. ವಿಶ್ವದ ವಯಸ್ಸು 1,380 ಕೋಟಿ ವರ್ಷ.

ಕ್ವಾಂಟಂ ಗಣಕವು ಈ ಮಾತನ್ನು ಬದಲಿಸಬಲ್ಲುದು. ಅಂಥ ಯಂತ್ರವು ಸಾಕಷ್ಟು ದೊಡ್ಡದಾಗಿದ್ದರೆ ಈ ಬಗೆಯ ಕೀಲಿಯನ್ನು ಬೇಗನೆ ಬಿಡಿಸಬಹುದೆಂದು ಪೀಟರ್ ಶೋರ್ 1994ರಲ್ಲಿಯೇ ತೋರಿಸಿದ್ದಾನೆ. ಆದರೆ ಅಷ್ಟು ದೊಡ್ಡ ಯಂತ್ರವನ್ನು ಇನ್ನೂ ಯಾರೂ ಕಟ್ಟಿ ತೋರಿಸಿಲ್ಲ.

ಆಕಸ್ಮಿಕತೆಯೆಂಬ ಬುನಾದಿ

ಮೇಲಿನ ಲೆಕ್ಕವೆಲ್ಲವೂ ಒಂದು ನಂಬಿಕೆಯ ಮೇಲೆ ನಿಂತಿದೆ: ನಾಣ್ಯವನ್ನು ನಿಜವಾಗಿಯೂ 256 ಸಲ ಚಿಮ್ಮಲಾಗಿದೆ ಎಂಬುದು. ಗಣಕಯಂತ್ರವಾದರೋ ಸ್ವಭಾವತಃ ನಿಯಮಕ್ಕೆ ಕಟ್ಟುಬಿದ್ದದ್ದು. ಆಕಸ್ಮಿಕವಾದ ಸಂಖ್ಯೆಯನ್ನು ಕೊಡುವುದು ಅದಕ್ಕೆ ಸುಲಭವಲ್ಲ. ಒಂದು ಮೊದಲ ಸಂಖ್ಯೆಯನ್ನು ಬೀಜವಾಗಿಟ್ಟುಕೊಂಡು ಅದು ಉದ್ದನೆಯ ಸಾಲನ್ನು ಬೆಳೆಸುತ್ತದೆ. ಬೀಜ ಚಿಕ್ಕದಾದರೆ ಸಾಲು ಎಷ್ಟು ಉದ್ದವಾಗಿ ಕಂಡರೂ ಫಲವಿಲ್ಲ.

2023ರಲ್ಲಿ ಲಿಬ್‌ಬಿಟ್‌ಕಾಯಿನ್ ಎಂಬ ಸಲಕರಣೆಯಲ್ಲಿ ಇಂಥ ದೋಷವೊಂದು ಬಯಲಾಯಿತು. 256 ಸಲ ನಾಣ್ಯ ಚಿಮ್ಮಿದಂತೆ ಅದು ತೋರಿಸುತ್ತಿತ್ತು. ನಿಜವಾಗಿ ಚಿಮ್ಮಿದ್ದು 32 ಸಲ ಮಾತ್ರ. ಎಂದರೆ ಸಾಧ್ಯವಿದ್ದ ಬೀಜಗಳು ಸುಮಾರು 429 ಕೋಟಿ. ಮನುಷ್ಯನಿಗೆ ಇದು ದೊಡ್ಡ ಸಂಖ್ಯೆ, ಯಂತ್ರಕ್ಕಲ್ಲ. ಕಳ್ಳರು ಎಲ್ಲವನ್ನೂ ಪರೀಕ್ಷಿಸಿ, ಹಣವಿದ್ದ ಲೆಕ್ಕಗಳನ್ನು ಬರಿದುಮಾಡಿದರು.

2013ರ ಆಗಸ್ಟಿನಲ್ಲಿ ಆಂಡ್ರಾಯ್ಡ್ ದೂರವಾಣಿಗಳಲ್ಲಿ ಕಂಡುಬಂದ ದೋಷವು ಇನ್ನೂ ಬೋಧಪ್ರದವಾದುದು. ಪ್ರತಿಯೊಂದು ಸಹಿಯಲ್ಲಿಯೂ ಗುಪ್ತಕೀಲಿಯ ಜತೆಗೆ ಆ ಸಹಿಗೆಂದೇ ಆರಿಸಿದ ಇನ್ನೊಂದು ಗುಪ್ತ ಸಂಖ್ಯೆಯು ಸೇರುತ್ತದೆ. ಒಂದು ಸಹಿಯೆಂದರೆ ಎರಡು ಅವ್ಯಕ್ತಗಳುಳ್ಳ ಒಂದು ಸಮೀಕರಣ, ಅದನ್ನು ಬಿಡಿಸಲಾಗದು. ಎರಡನೆಯ ಸಹಿಯಲ್ಲಿ ಹೊಸ ಸಂಖ್ಯೆ ಬಂದರೆ ಎರಡು ಸಮೀಕರಣಗಳಿಗೆ ಮೂರು ಅವ್ಯಕ್ತಗಳಾಗುತ್ತವೆ; ಆಗಲೂ ಬಿಡಿಸಲಾಗದು. ಆದರೆ ಯಂತ್ರವು ದೋಷದಿಂದ ಹಳೆಯ ಸಂಖ್ಯೆಯನ್ನೇ ಮತ್ತೊಮ್ಮೆ ಕೊಟ್ಟರೆ? ಎರಡು ಅವ್ಯಕ್ತಗಳು, ಎರಡು ಸಮೀಕರಣಗಳು! ಪ್ರೌಢಶಾಲೆಯ ಬೀಜಗಣಿತದಿಂದಲೇ ಗುಪ್ತಕೀಲಿಯು ಹೊರಬೀಳುವುದು. ಸಹಿಗಳೆಲ್ಲವೂ ತೆರೆದ ಪುಸ್ತಕದಲ್ಲಿಯೇ ಇರುವುದರಿಂದ ಕಳ್ಳನು ಮನೆಬಿಟ್ಟು ಕದಲಬೇಕಾದುದೂ ಇಲ್ಲ.

ಇದಕ್ಕಿಂತಲೂ ಅಪಾಯಕರವಾದುದು ಕೀಲಿಯನ್ನು ತಾನೇ ಮನಸ್ಸಿನಿಂದ ಆರಿಸುವುದು. ಒಂದು ಗಾದೆಯನ್ನೋ ದೇವರನಾಮದ ಒಂದು ಸಾಲನ್ನೋ ಕೀಲಿಯಾಗಿ ಮಾಡಿಕೊಂಡರೆ ನೆನಪಿನಲ್ಲಿಡಲು ಸುಲಭವೆಂದು ಕೆಲವರು ಎಣಿಸುತ್ತಾರೆ. ಆದರೆ ಮನುಷ್ಯನಿಗೆ ಸಹಜವಾಗಿ ಹೊಳೆಯುವುದೆಲ್ಲವೂ ಇನ್ನೊಬ್ಬ ಮನುಷ್ಯನಿಗೂ ಹೊಳೆಯುವಂಥದೇ. ಅದಕ್ಕಾಗಿಯೇ ಇಂದಿನ ವಾಲೆಟ್‌ಗಳು ತಾವೇ ಹನ್ನೆರಡು ಪದಗಳನ್ನು ಆರಿಸಿಕೊಡುತ್ತವೆ. 2,048 ಪದಗಳ ನಿಶ್ಚಿತವಾದ ಪಟ್ಟಿಯಿಂದ ಆರಿಸಿದ ಪ್ರತಿಯೊಂದು ಪದವೂ 11 ಸಲ ನಾಣ್ಯ ಚಿಮ್ಮಿದುದಕ್ಕೆ ಸಮಾನ. ಹನ್ನೆರಡು ಪದಗಳಿಂದ 132. ಅದರಲ್ಲಿ 4 ತಪ್ಪು ಹಿಡಿಯುವುದಕ್ಕಾಗಿ ಮೀಸಲು, ಉಳಿದುದು 128.

ನಷ್ಟವೋ ಕಳವೋ

ಕೀಲಿಯು ಸರಿಯಾಗಿ ಹುಟ್ಟಿತೆಂದೇ ಇಟ್ಟುಕೊಳ್ಳೋಣ. ಈಗ ಅದನ್ನು ಎಲ್ಲಿಡುವುದು? ಇಲ್ಲಿಯೇ ನಿಜವಾದ ಕಷ್ಟವು ಪ್ರಾರಂಭವಾಗುತ್ತದೆ.

ಒಂದೇ ಪ್ರತಿಯನ್ನಿಟ್ಟುಕೊಂಡರೆ ಅದು ಸುಟ್ಟುಹೋಗಬಹುದು, ನೆನೆದುಹೋಗಬಹುದು, ಮರೆತುಹೋಗಬಹುದು. ವೇಲ್ಸ್ ದೇಶದ ನ್ಯೂಪೋರ್ಟಿನಲ್ಲಿ 2013ರಲ್ಲಿ ಒಬ್ಬ ಗೃಹಸ್ಥರ ಮನೆಯಿಂದ ಕಸದೊಡನೆ ಒಂದು ಹಾರ್ಡ್ ಡಿಸ್ಕ್ ಹೊರಹೋಯಿತು. ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯು ಅದರಲ್ಲಿತ್ತೆಂದು ಅವರ ಹೇಳಿಕೆ. ಕಸದ ಗುಂಡಿಯನ್ನು ಅಗೆಯಲು ಅವರು ಹೂಡಿದ ದಾವೆಯನ್ನು ನ್ಯಾಯಾಲಯವು 2025ರ ಜನವರಿಯಲ್ಲಿ ತಳ್ಳಿಹಾಕಿತು. ಇಲ್ಲಿ ಕಳ್ಳನೇ ಇಲ್ಲ, ಆದರೂ ಹಣವಿಲ್ಲ.

ಪ್ರತಿಗಳನ್ನು ಹೆಚ್ಚಿಸಿದರೆ ಕಳವಿನ ದಾರಿಗಳೂ ಹೆಚ್ಚುತ್ತವೆ. ಈ ಸಂಕಟದಿಂದ ಕಳ್ಳನಿಗೂ ಬಿಡುಗಡೆಯಿಲ್ಲ. 2016ರ ಆಗಸ್ಟಿನಲ್ಲಿ ಬಿಟ್‌ಫಿನೆಕ್ಸ್ ಸಂಸ್ಥೆಯಿಂದ 1,19,754 ಬಿಟ್‌ಕಾಯಿನ್‌ಗಳು ಕಳವಾದವು. ಕದ್ದವನು ಅವುಗಳ ಕೀಲಿಗಳನ್ನು ಗೂಢಲಿಪಿಯಲ್ಲಿ ಬರೆದು ಅಂತರಜಾಲದ ಸಂಗ್ರಹವೊಂದರಲ್ಲಿ ಇಟ್ಟಿದ್ದನು. ಅಮೆರಿಕದ ಅಧಿಕಾರಿಗಳು ಆ ಲಿಪಿಯನ್ನು ಬಿಡಿಸಿ, 2022ರ ಫೆಬ್ರುವರಿಯಲ್ಲಿ ಸುಮಾರು 94,000 ಬಿಟ್‌ಕಾಯಿನ್‌ಗಳನ್ನು ವಶಪಡಿಸಿಕೊಂಡರು.

ಸಂಭವನೀಯತೆಯ ಲೆಕ್ಕದಿಂದ ಈ ತೊಡಕನ್ನು ಅಳೆಯಬಹುದು. ಹತ್ತು ವರ್ಷಗಳಲ್ಲಿ ಯಾವುದೇ ಒಂದು ಪ್ರತಿಯು ಹಾಳಾಗುವ ಸಂಭವ ಹತ್ತರಲ್ಲಿ ಒಂದು, ಕಳ್ಳನ ಕೈಸೇರುವ ಸಂಭವವೂ ಹತ್ತರಲ್ಲಿ ಒಂದು ಎಂದು ಊಹಿಸಿರಿ. ಒಂದೇ ಪ್ರತಿಯಿದ್ದರೆ ನಷ್ಟದ ಭಯ ಸಾವಿರಕ್ಕೆ 100, ಕಳವಿನ ಭಯ ಸಾವಿರಕ್ಕೆ 100. ಮೂರು ಪ್ರತಿಗಳನ್ನು ಮೂರು ಊರುಗಳಲ್ಲಿಟ್ಟರೆ ಮೂರೂ ಹಾಳಾಗುವ ಭಯ ಸಾವಿರಕ್ಕೆ 1ಕ್ಕೆ ಇಳಿಯುವುದು. ಆದರೆ ಮೂರರಲ್ಲಿ ಯಾವುದಾದರೊಂದು ಕಳವಾಗುವ ಭಯ ಸಾವಿರಕ್ಕೆ 271ಕ್ಕೆ ಏರುವುದು. ತಕ್ಕಡಿಯ ಒಂದು ತಟ್ಟೆ ಮೇಲೆದ್ದರೆ ಇನ್ನೊಂದು ಕೆಳಗೆ ಹೋಗುತ್ತದೆ.

ರಹಸ್ಯವನ್ನು ಹಂಚುವ ರೇಖಾಗಣಿತ

ಎರಡು ತಟ್ಟೆಗಳನ್ನೂ ಒಟ್ಟಿಗೆ ಮೇಲೆತ್ತುವ ಉಪಾಯವನ್ನು ಆದಿ ಶಮೀರ್ ಎಂಬ ಗಣಿತಜ್ಞನು 1979ರಲ್ಲಿ ಕಂಡುಹಿಡಿದನು. ಅದರ ಮರ್ಮವು ಶಾಲೆಯ ಮಕ್ಕಳಿಗೂ ತಿಳಿದುದೇ: ಎರಡು ಬಿಂದುಗಳಿಂದ ಒಂದು ಸರಳರೇಖೆ ನಿಶ್ಚಯವಾಗುತ್ತದೆ, ಒಂದೇ ಬಿಂದುವಿನಿಂದ ಆಗುವುದಿಲ್ಲ.

ನಮ್ಮ ರಹಸ್ಯ 7 ಎಂದಿರಲಿ. 7ರಿಂದ ಹೊರಟು ಹೆಜ್ಜೆಗೆ 3ರಂತೆ ಏರುವ ಒಂದು ರೇಖೆಯನ್ನು ಎಳೆಯೋಣ. ಈ 3 ಎಂಬುದು ಆಕಸ್ಮಿಕವಾಗಿ ಆರಿಸಿದ ಸಂಖ್ಯೆ. ಮೊದಲನೆಯ ಹೆಜ್ಜೆಯಲ್ಲಿ 10, ಎರಡನೆಯದರಲ್ಲಿ 13, ಮೂರನೆಯದರಲ್ಲಿ 16. ಈ ಮೂರನ್ನು ಮೂವರಿಗೆ ಕೊಡೋಣ. ಮೊದಲನೆಯವನೂ ಮೂರನೆಯವನೂ ಸೇರಿದರೆ ಎರಡು ಹೆಜ್ಜೆಗಳಲ್ಲಿ 6 ಏರಿದೆಯೆಂದು ತಿಳಿಯುತ್ತದೆ, ಹೆಜ್ಜೆಗೆ 3. 10ರಿಂದ ಒಂದು ಹೆಜ್ಜೆ ಹಿಂದೆ ಹೋದರೆ 7 ಸಿಕ್ಕಿತು. ಆದರೆ 10 ಒಂದನ್ನೇ ಬಲ್ಲವನಿಗೆ ರಹಸ್ಯವು ಯಾವ ಸಂಖ್ಯೆಯಾದರೂ ಆಗಿರಬಹುದು. ವಾಸ್ತವವಾದ ಬಳಕೆಯಲ್ಲಿ ದೊಡ್ಡದೊಂದು ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಉಳಿಯುವ ಶೇಷಗಳಿಂದ ಈ ಲೆಕ್ಕವನ್ನು ಮಾಡುತ್ತಾರೆ. ಆಗ ಒಂದು ಪಾಲಿನಿಂದ ಕಿಂಚಿತ್ತೂ ಸುಳಿವು ಸಿಗುವುದಿಲ್ಲ.

ಈಗ ನಮ್ಮ ಹಿಂದಿನ ಲೆಕ್ಕವನ್ನು ಮತ್ತೆ ಮಾಡೋಣ. ಮೂರು ಪಾಲುಗಳಲ್ಲಿ ಎರಡು ಹಾಳಾದರೆ ಮಾತ್ರ ನಷ್ಟ: ಭಯವು ಸಾವಿರಕ್ಕೆ 28. ಎರಡು ಕಳವಾದರೆ ಮಾತ್ರ ಕಳವು: ಅದೂ ಸಾವಿರಕ್ಕೆ 28. ಎರಡು ಭಯಗಳೂ ನೂರರಿಂದ ಇಪ್ಪತ್ತೆಂಟಕ್ಕೆ ಇಳಿದವು. ಇದೇ ಉದ್ದೇಶವನ್ನು ಇನ್ನೊಂದು ರೀತಿಯಿಂದ ಸಾಧಿಸುವುದೂ ಉಂಟು: ಮೂವರಿಗೆ ಮೂರು ಬೇರೆ ಕೀಲಿಗಳನ್ನು ಕೊಟ್ಟು, ಇಬ್ಬರ ಸಹಿಯಿಲ್ಲದೆ ಹಣ ಕದಲಬಾರದೆಂದು ಲೆಕ್ಕದ ಪುಸ್ತಕದಲ್ಲಿಯೇ ನಿಯಮಿಸುವುದು. ಇಬ್ಬರ ಕೈಯಲ್ಲಿ ಎರಡು ಬೀಗದ ಕೈಗಳಿರುವ ಖಜಾನೆಯನ್ನು ಬಲ್ಲ ನಮಗೆ ಇದು ಹೊಸತಲ್ಲ.

ಸ್ವತಂತ್ರವೆಂದು ನಂಬಿದ್ದು

ಈ ಲೆಕ್ಕದಲ್ಲಿ ನಾವು ಹೇಳದೆ ಬಿಟ್ಟ ಒಂದು ಊಹೆಯುಂಟು. ಮೂರು ಜಾಗಗಳ ಅಪಾಯಗಳು ಒಂದಕ್ಕೊಂದು ಸಂಬಂಧವಿಲ್ಲದವು, ಗಣಿತದ ಮಾತಿನಲ್ಲಿ ಸ್ವತಂತ್ರ ಘಟನೆಗಳು, ಎಂದು ಭಾವಿಸಿದೆವು. ಒಂದೇ ಮನೆಯ ಮೂರು ಕೋಣೆಗಳಲ್ಲಿ ಮೂರು ಪಾಲುಗಳನ್ನಿಟ್ಟರೆ ಮನೆಗೆ ಬಿದ್ದ ಬೆಂಕಿಯು ಲೆಕ್ಕವನ್ನು ಕೇಳುವುದಿಲ್ಲ.

2022ರ ಮಾರ್ಚಿನಲ್ಲಿ ರೋನಿನ್ ಎಂಬ ಜಾಲದಲ್ಲಿ ಆದುದು ಇದೇ. ಅಲ್ಲಿ ಒಂಬತ್ತು ಕೀಲಿಗಳಲ್ಲಿ ಐದರ ಸಹಿ ಬೇಕಾಗಿತ್ತು. ಐದು ಬೇರೆ ಬೇರೆ ಕಾವಲುಗಾರರನ್ನು ಸೋಲಿಸುವುದು ಕಷ್ಟವೇ. ಆದರೆ ನಾಲ್ಕು ಕೀಲಿಗಳು ಒಂದೇ ಕಂಪೆನಿಯ ಕೈಯಲ್ಲಿದ್ದವು. ಐದನೆಯದರ ಪರವಾಗಿ ಸಹಿ ಮಾಡಲು ಅದೇ ಕಂಪೆನಿಗೆ ಹಿಂದೊಮ್ಮೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿರಲಿಲ್ಲ. ಒಂದು ಮನೆಯನ್ನು ಹೊಕ್ಕವನಿಗೆ ಐದು ಕೀಲಿಗಳು ಸಿಕ್ಕವು. 1,73,600 ಈಥರ್ ಮತ್ತು 2.55 ಕೋಟಿ ಡಾಲರಿನ ಇನ್ನೊಂದು ನಾಣ್ಯ ಹೋಯಿತು. ಕಳವಾದುದು ಆರು ದಿನಗಳವರೆಗೆ ಯಾರಿಗೂ ತಿಳಿಯಲಿಲ್ಲ.

ಬೀಗ ಗಟ್ಟಿ, ಕಣ್ಣಿಗೆ ಮೋಸ

ಬೈಬಿಟ್ ಕಳವಿನಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಪಾಠವಿದೆ. ಅಲ್ಲಿ ಕೀಲಿಗಳು ಬೇರೆ ಬೇರೆಯವರ ಕೈಯಲ್ಲಿಯೇ ಇದ್ದವು. ಒಂದೂ ಕಳವಾಗಲಿಲ್ಲ. ಕಳ್ಳರು ಸಹಿ ಹಾಕಿಸುವ ತಂತ್ರಾಂಶವನ್ನು ತಯಾರಿಸಿದ್ದ ಬೇರೊಂದು ಕಂಪೆನಿಯ ತಂತ್ರಜ್ಞನ ಗಣಕವನ್ನು ಮೊದಲು ಹೊಕ್ಕು, ಅಲ್ಲಿಂದ ಆ ತಂತ್ರಾಂಶವನ್ನೇ ತಿದ್ದಿದರು. ಸಹಿ ಹಾಕುವವರಿಗೆ ಪರದೆಯ ಮೇಲೆ ದಿನನಿತ್ಯದ ವರ್ಗಾವಣೆಯೇ ಕಾಣಿಸಿತು. ಸಹಿ ಬಿದ್ದದ್ದು ಮಾತ್ರ ಬೇರೊಂದು ಆಜ್ಞೆಗೆ. ಕೈಗಳು ಬೇರೆ ಬೇರೆಯಾಗಿದ್ದರೂ ಎಲ್ಲರ ಕಣ್ಣಿಗೂ ಒಂದೇ ಕನ್ನಡಕವಿತ್ತು. ನಮ್ಮ ದೇಶದ ವಜೀರ್‌ಎಕ್ಸ್ ಸಂಸ್ಥೆಯಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರು ಬೆಲೆಯ ನಾಣ್ಯಗಳು ಹೋದಾಗಲೂ ಬೇಕಾದ ನಾಲ್ಕು ಸಹಿಗಳು ಬಿದ್ದೇ ಇದ್ದವು.

ಸಾಮಾನ್ಯನ ಕಣ್ಣಿಗೂ ಇಂಥ ಮೋಸವುಂಟು. ಹಣ ಕಳಿಸಬೇಕಾದ ವಿಳಾಸವು ನಲವತ್ತು ಅಕ್ಷರಗಳ ಅರ್ಥವಿಲ್ಲದ ಸಾಲು. ಜನರು ಅದರ ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಅಕ್ಷರಗಳನ್ನು ನೋಡಿ ತೃಪ್ತರಾಗುತ್ತಾರೆ. ಪ್ರತಿಯೊಂದು ಜಾಗದಲ್ಲಿಯೂ ಹದಿನಾರು ಚಿಹ್ನೆಗಳಲ್ಲೊಂದು ಬರುವುದರಿಂದ, ಆ ಎಂಟು ಅಕ್ಷರಗಳು ಹೊಂದುವಂಥ ವಿಳಾಸವನ್ನು ಹುಟ್ಟಿಸಲು ಸರಾಸರಿ 429 ಕೋಟಿ ಪ್ರಯತ್ನಗಳು ಸಾಕು. ಮೇಲೆ ಬಂದ 32 ನಾಣ್ಯಗಳ ಲೆಕ್ಕವೇ ಇದು. ಕಳ್ಳನು ಅಂಥ ವಿಳಾಸದಿಂದ ಕಿಂಚಿತ್ ಹಣವನ್ನು ಕಳಿಸಿ ನಮ್ಮ ಲೆಕ್ಕದ ಪಟ್ಟಿಯಲ್ಲಿ ಸೇರಿಕೊಳ್ಳುತ್ತಾನೆ. ಮುಂದಿನ ಸಲ ನಾವು ಪಟ್ಟಿಯಿಂದ ವಿಳಾಸವನ್ನು ನಕಲುಮಾಡುವಾಗ ಅವನದನ್ನೇ ಎತ್ತಿಕೊಳ್ಳುತ್ತೇವೆ.

ಕೆಲವು ನಿಯಮಗಳು

ಇಷ್ಟರಿಂದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ಕೀಲಿಯನ್ನು ಮನಸ್ಸಿನಿಂದ ಆರಿಸಬಾರದು. ಹನ್ನೆರಡು ಪದಗಳನ್ನು ಕಾಗದದಲ್ಲಿ ಇಲ್ಲವೆ ಲೋಹದ ಹಾಳೆಯಲ್ಲಿ ಬರೆದಿಡಬೇಕೇ ಹೊರತು ದೂರವಾಣಿಯಿಂದ ಅದರ ಚಿತ್ರ ತೆಗೆಯಬಾರದು, ಅಂಚೆಯಲ್ಲಿಯೂ ಕಳಿಸಬಾರದು. ಆ ಪದಗಳನ್ನು ಕೇಳುವವನು, ಅವನು ಯಾವ ಸಂಸ್ಥೆಯ ಹೆಸರನ್ನು ಹೇಳಿಕೊಂಡರೂ, ಕಳ್ಳನೇ. ಪ್ರಾಮಾಣಿಕನಿಗೆ ಅವುಗಳ ಅಗತ್ಯ ಎಂದೂ ಬೀಳುವುದಿಲ್ಲ. ಮೊತ್ತವು ದೊಡ್ಡದಾದರೆ ಅಂತರಜಾಲಕ್ಕೆ ತೆರೆದಿರದ ಪ್ರತ್ಯೇಕ ಸಾಧನದಲ್ಲಿ ಕೀಲಿಯನ್ನಿಡಬೇಕು, ಪಾಲುಗಳನ್ನು ನಿಜವಾಗಿಯೂ ಬೇರೆ ಬೇರೆ ಜಾಗಗಳಲ್ಲಿಡಬೇಕು. ವಿಳಾಸವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಮೊದಲು ಅಲ್ಪ ಮೊತ್ತವನ್ನು ಕಳಿಸಿ ಮುಟ್ಟಿತೆಂದು ತಿಳಿದ ಮೇಲೆ ಉಳಿದುದನ್ನು ಕಳಿಸಬೇಕು. ಓದಿ ಅರ್ಥವಾಗದ ಆಜ್ಞೆಗೆ ಸಹಿ ಹಾಕಬಾರದು. ತಾನಿಲ್ಲದ ಕಾಲದಲ್ಲಿ ಪಾಲುಗಳು ಎಲ್ಲಿವೆಯೆಂಬುದನ್ನು ಮನೆಯವರು ತಿಳಿಯುವಂತೆಯೂ ಏರ್ಪಾಡು ಮಾಡಿರಬೇಕು.

ಕಳೆದುಕೊಂಡರೆ ಬದುಕು ಕೆಡುವಷ್ಟು ಹಣವನ್ನು ಇದರಲ್ಲಿ ತೊಡಗಿಸಬಾರದೆಂಬುದು ಇವೆಲ್ಲಕ್ಕಿಂತ ಮೊದಲಿನ ನಿಯಮ. ಶತಮಾನಗಳಿಂದ ಬ್ಯಾಂಕು, ನ್ಯಾಯಾಲಯ, ವಿಮೆಗಳು ಹಂಚಿಕೊಂಡು ಹೊತ್ತ ಕಾವಲಿನ ಭಾರವನ್ನು ಈ ಹೊಸ ಹಣವು ಒಬ್ಬೊಬ್ಬನ ಹೆಗಲಿಗೆ ಹೊರಿಸಿದೆ. ಅದನ್ನು ಹೊರಲು ಮುಂದಾಗುವವನು, ಗಣಿತವು ಕೀಲಿಯನ್ನು ಊಹಿಸದಂತೆ ಮಾತ್ರ ತಡೆಯಬಲ್ಲುದೆಂಬುದನ್ನೂ, ಉಳಿದ ಕಾವಲೆಲ್ಲವೂ ತನ್ನ ಎಚ್ಚರಕ್ಕೆ ಬಿಟ್ಟದ್ದೆಂಬುದನ್ನೂ ಮೊದಲೇ ತಿಳಿದಿರಬೇಕು.